ಮುಳ್ಳು ತೆಗೆದವಳು

ಬಿದ್ದದ್ದಲ್ಲ, ಡಾಕ್ಟರೇ. ಹಾಗಂತಲೇ ಬರೆದುಕೊಳ್ಳಿ.
ಹಿಮ ಕಚ್ಚಿ ಕೂತ ಅಡುಗೆಮನೆ ಕಿಟಕಿಯನ್ನು
ಮೇಲಕ್ಕೆ ನೂಕಿದೆ, ಅಷ್ಟೇ.
ಬೆನ್ನೊಳಗೆ ಯಾರೋ ಒಣರೊಟ್ಟಿ ಮುರಿದಂತೆ
ಕಟಕ್ಕೆಂದಿತು.
ಕಿಟಕಿ ಇದ್ದ ಹಾಗೇ ಇದೆ.

ಹೆಸರು ಗುನ್‌ವೋರ್. ಅರವತ್ತೊಂಬತ್ತು ತುಂಬಿದೆ.
ಊರು ವಾರ್ಡೊ. ಆಚೆಗೆ ನೆಲವಿಲ್ಲ,
ಬ್ಯಾರೆಂಟ್ಸ್ ಸಮುದ್ರ, ಆಮೇಲೆ ಬರೀ ಗಾಳಿ.
ಕಸುಬು: ಮೂವತ್ತೊಂದು ವರ್ಷ ಮೀನಿನ ಕಾರ್ಖಾನೆಯಲ್ಲಿ
ಕಾಡ್ ಮೀನಿನ ಎಲುಬು ಬಿಡಿಸಿದ್ದು.
ನಿಮಿಷಕ್ಕೆ ನಾಲ್ಕು.
ಕೈಗವಸಿನೊಳಗೆ ಬೆರಳು ಮರಗಟ್ಟಿದ ದಿನವೂ ನಾಲ್ಕು.

ನಮ್ಮ ಮಾತಿನಲ್ಲಿ ಮೀನಿನೊಳಗಿನದಕ್ಕೂ
ಮನುಷ್ಯರೊಳಗಿನದಕ್ಕೂ ಒಂದೇ ಹೆಸರು, ಬೈನ್.
ಕಾಲಿಗೂ ಅದೇ.
ಜಾಫ್ನಾದ ಯುದ್ಧ ದಾಟಿ ಬಂದು
ನನ್ನ ಪಕ್ಕದ ಮೇಜಿಗೆ ನಿಂತ ಯೋಗಮಲರ್
ಇದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕಿದ್ದಳು:
ಇಷ್ಟು ಮೀನಿರುವ ಊರಿಗೆ ಮಾತಿನ ಬಡತನವೇ?
ನಮ್ಮಲ್ಲಿ ಮೀನಿನದು ಮುಳ್ಳು, ನಮ್ಮದು ಎಲುಂಬು.
ಮುಳ್ಳು ಚುಚ್ಚುತ್ತೆ, ಎಲುಂಬು ಹೊರುತ್ತೆ.

ಹೊತ್ತಿತು, ಡಾಕ್ಟರೇ, ಇಲ್ಲಿಯವರೆಗೆ.

ಕಿರ್ಕೆನೆಸ್‌ನಲ್ಲಿ ನಿಮ್ಮ ಯಂತ್ರದಡಿ ಉಸಿರು ಕಟ್ಟಿ ಮಲಗಿದೆ.
ಮೈನಸ್ ಮೂರು ಪಾಯಿಂಟ್ ಒಂದು ಅಂದಿರಿ.
ನಮ್ಮ ಜನವರಿಗೆ ಅದು ಬೆಚ್ಚನೆಯ ದಿನ ಅಂದೆ.
ನೀವು ನಗಲಿಲ್ಲ.
ಗೋಡೆಯ ಚಿತ್ರ ತೋರಿಸಿದಿರಿ:
ಕಣ್ಣು ಹರಿದು ಕಣ್ಣು ಸೇರಿ
ಹಿಡಿದದ್ದೆಲ್ಲ ಜಾರಿ ಹೋಗುವ ಹಳೇ ಬಲೆ.
ಎಲುಬೆಂದರೆ ಕಲ್ಲಲ್ಲ, ಎರಡು ಪಾಳಿಯ ಕೆಲಸ ಅಂದಿರಿ,
ಒಡೆಯುವವರದೊಂದು, ಕಟ್ಟುವವರದೊಂದು.
ಅದು ನನಗೆ ಚೆನ್ನಾಗಿ ತಿಳಿಯಿತು.
ಮುಟ್ಟು ನಿಂತ ವರ್ಷ ಒಳಗಿನ ಮೇಲ್ವಿಚಾರಕಿ
ಹೇಳದೆ ಕೇಳದೆ ಕೆಲಸ ಬಿಟ್ಟಳು.
ಅಂದಿನಿಂದ ಒಡೆಯುವವರದೇ ಓವರ್‌ಟೈಮ್.

ನನ್ನಮ್ಮ ಟೊರ್‌ಬ್ಯೋರ್ಗ್ ಕೊನೆಕೊನೆಗೆ
ಚರ್ಚಿನಲ್ಲಿ ಊರವರನ್ನು
ಬೂಟು ನೋಡಿ ಗುರುತು ಹಿಡಿಯುತ್ತಿದ್ದಳು.
ವಯಸ್ಸು ಅಂದೆವು ಎಲ್ಲರೂ. ಎಲುಬಿಲ್ಲದ ನಾಲಿಗೆ,
ಏನು ಬೇಕಾದರೂ ವಯಸ್ಸಿನ ತಲೆಗೆ ಕಟ್ಟುತ್ತದೆ.
ಅವಳನ್ನು ಗೋಡೆಗೆ ನಿಲ್ಲಿಸಿ
ಒಮ್ಮೆಯೂ ಯಾರೂ ಅಳೆಯಲಿಲ್ಲ.
ನನ್ನ ಪಾಸ್‌ಪೋರ್ಟಿನಲ್ಲಿ ನೂರ ಅರವತ್ತೇಳು,
ನಿಮ್ಮ ಗೋಡೆಯಲ್ಲಿ ನೂರ ಅರವತ್ತೊಂದು.
ಆರು ಸೆಂಟಿಮೀಟರು ಎಲ್ಲಿ ಇಟ್ಟೆನೋ.

ಹೇಳಿದ್ದೆಲ್ಲ ಮಾಡುತ್ತಿದ್ದೇನೆ.
ಹೆಸರಿನಲ್ಲಿ ರಕಾರವಿರುವ ತಿಂಗಳುಗಳಲ್ಲೆಲ್ಲ
ಒಂದು ಚಮಚ ಮೀನೆಣ್ಣೆ, ಅದು ಮೊದಲಿಂದಲೂ ಇತ್ತು,
ಈಗ ತಪ್ಪಿಸುವುದಿಲ್ಲ.
ಹಲ್ಲಿನ ಡಾಕ್ಟರು ನೋಡಿ ಆಗಲಿ ಅಂದರು,
ವರ್ಷದ ಡ್ರಿಪ್ಪು ಮಾರ್ಚಿಗೆ.
ಹಜಾರದ ಜಮಖಾನೆ ಸುತ್ತಿ ಅಟ್ಟಕ್ಕೆ ಹಾಕಿದೆ.
ಹಲ್ಲುಜ್ಜುವಾಗ ಒಂಟಿಕಾಲು,
ಬಕೆಟ್ಟಿಗೆ ಮಂಡಿ ಬಾಗುತ್ತದೆ, ಬೆನ್ನು ಬಾಗುವುದಿಲ್ಲ.
ಸಿಗರೇಟು ಅರ್ಧ ಬಿಟ್ಟಿದ್ದೇನೆ. ಅದನ್ನು ಬರೆಯಬೇಡಿ.
ಮಂಗಳವಾರ ಶಾಲೆಯ ಆಟದ ಕೋಣೆಯಲ್ಲಿ
ಕೈಯೂರದೆ ಕುರ್ಚಿಯಿಂದೆದ್ದು ಕೂರುವ ಹತ್ತು ಮುದುಕಿಯರು,
ಒಬ್ಬ ಮುದುಕ ಕೂಡ, ಟ್ರಾಲರಿನ ಅಡುಗೆಯವ,
ನಾಚಿಕೆಗೆ ಹಿಂದಿನ ಸಾಲಿನಲ್ಲೇ.
ಯೋಗಮಲರಳನ್ನೂ ಎಳೆದು ತಂದೆ.
ಅವಳ ರಕ್ತದಲ್ಲಿ ಬಿಸಿಲಿನ ಅಂಶವೇ ಇರಲಿಲ್ಲವಂತೆ,
ಮೂವತ್ತು ಚಳಿಗಾಲ ನಮ್ಮ ಕತ್ತಲಲ್ಲಿ ದುಡಿದವಳಿಗೆ.

ನಿನ್ನೆ ಸೂರ್ಯ ಬಂದ. ಎರಡು ತಿಂಗಳಾಗಿತ್ತು.
ತೋಪು ಹಾರಿಸುವುದನ್ನು ಕೇಳಲು ಕೋಟೆಗೆ ಹೊರಟೆವು,
ದಾರಿ ಪೂರಾ ಗಾಜು.
ಮೆಟ್ಟಿಲ ಮೇಲೆ ಕೂತು ಬೂಟಿನಡಿಗೆ
ಕಬ್ಬಿಣದ ಹಲ್ಲು ಕಟ್ಟಿಕೊಳ್ಳುತ್ತಿದ್ದೆ.
ಇದಕ್ಕೆ ನಿಮ್ಮಲ್ಲಿ ಏನನ್ನುತ್ತೀರಿ ಎಂದು ಕೇಳಿದೆ.
ಹಿಮ ಎಲ್ಲಿತ್ತು ನಮಗೆ, ಎಂದಳು.
ಸ್ವಲ್ಪ ದೂರ ಹೋಗಿ ನಿಂತು,
ಮುಳ್ಳು ಅಂತಲೇ ಅನ್ನು, ಎಂದಳು.

ತೋಪು ಗುಡುಗಿತು. ಬೆಚ್ಚಿದೆ.
ಬೀಳಲಿಲ್ಲ.